ನಿಮಗಿದು ಗೊತ್ತೆ? ನಿಲ್ಲದೆ ನಡೆದ ಮುಷ್ಕರ

ಕೆಲಸದ ಹೊತ್ತು ಕಡಿಮೆಯಾಯಿತೆಂದು ಯಾರಾದರೂ ಮುಷ್ಕರ ಹೂಡುತ್ತಾರೆಯೇ? ಅಮೆರಿಕದ ಲಾರೆನ್ಸ್ ಪಟ್ಟಣದಲ್ಲಿ ಹೂಡಿದರು.

1912ರ ಜನವರಿ 1ರಿಂದ ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನು ಹೆಂಗಸರು, ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸಿತು. ಬಟ್ಟೆ ಗಿರಣಿ ಮಾಲೀಕರು ಸುಮ್ಮನಿದ್ದಾರೆಯೇ? ಕೂಲಿಯನ್ನೂ ಇಳಿಸಿದರು. ಕೈತಪ್ಪಿದ್ದು ವಾರಕ್ಕೆ ಸುಮಾರು 32 ಸೆಂಟ್. ಬಡವರ ಮನೆಯಲ್ಲಿ ಅದು ಹಲವು ಬ್ರೆಡ್ಡಿನ ಲೆಕ್ಕ. ಸಂಬಳದ ಲಕೋಟೆ ಬಿಚ್ಚಿ ನೋಡಿದ ಪೋಲೆಂಡ್ ಮೂಲದ ಹೆಂಗಸರು ಮಗ್ಗ ನಿಲ್ಲಿಸಿ ಹೊರನಡೆದರು. ಬೆನ್ನಿಗೇ ನಾನಾ ದೇಶಗಳಿಂದ ವಲಸೆ ಬಂದಿದ್ದ ಸುಮಾರು 20 ಸಾವಿರ ಮಂದಿ ಬೀದಿಗಿಳಿದರು.

ಗಿರಣಿ ಬಾಗಿಲಲ್ಲಿ ಗುಂಪುಗೂಡುವಂತಿರಲಿಲ್ಲ. ಅದಕ್ಕೇ ಸಾವಿರಾರು ಜನ ಸಾಲುಗಟ್ಟಿ ಗಿರಣಿಗಳ ಸುತ್ತ ನಡೆಯುತ್ತಲೇ ಇದ್ದರು. ನಿಂತರೆ ತಾನೇ ಕೇಸು!

ಮಾರ್ಚ್‌ನಲ್ಲಿ ಮಾಲೀಕರು ಮಣಿದರು. ಅತಿ ಕಡಿಮೆ ಕೂಲಿಯವರಿಗೇ ಹೆಚ್ಚಿನ ಏರಿಕೆ ಸಿಕ್ಕಿತು.