ಮೇಳ ನಿಂತಾಗ ಮನೆಯಲ್ಲೇ ಹೆಣಿಗೆ



ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಓಡಾಡಿದವರಿಗೆ ವಿದ್ಯುತ್ ಮಗ್ಗಗಳ ಸದ್ದು ಹೊಸದಲ್ಲ. ಆ ಊರಿನವರೇ ಆದ ನಿಮಗಂತೂ ಅದು ನಿಂತಾಗಲೇ ಗಮನಕ್ಕೆ ಬರುವ ಸದ್ದು. 2020ರ ಮಾರ್ಚ್ 25ರಿಂದ ದೇಶದಲ್ಲಿ ಲಾಕ್‌ಡೌನ್ ಜಾರಿಯಾದಾಗ ಅದು ನಿಂತಿತು. ಬಟ್ಟೆ ಅಂಗಡಿಗಳು ಮುಚ್ಚಿದ್ದವು, ಮದುವೆಗಳು ಮುಂದಕ್ಕೆ ಹೋದವು, ನೇಯ್ದ ಸೀರೆ ಮನೆಯಲ್ಲೇ ಉಳಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸೇರಬೇಕಿದ್ದ ಕುರಿ ಮತ್ತು ಉಣ್ಣೆಯ ದೊಡ್ಡ ಮೇಳವೂ ರದ್ದಾಯಿತು. ಮೇಳ ತಪ್ಪಿದ ಹವ್ಯಾಸಿಗಳು ಬೇಸರಪಟ್ಟರೂ ಮನೆಯಲ್ಲಿ ಕುಳಿತು ಸ್ವೆಟರ್ ಹೆಣೆಯಬಹುದಿತ್ತು. ನಮ್ಮ ನೇಕಾರರಿಗೆ ಹಾಗೆ ನೇಯುತ್ತಾ ಕೂರುವುದು ಏಕೆ ಸಾಧ್ಯವಾಗಲಿಲ್ಲ? ಒಬ್ಬರಿಗೆ ಅದು ಹವ್ಯಾಸ, ಇನ್ನೊಬ್ಬರಿಗೆ ಹೊಟ್ಟೆಪಾಡು ಎಂಬುದು ಮೊದಲ ಉತ್ತರ. ಇನ್ನೊಂದು ಉತ್ತರ ಬಟ್ಟೆಯ ರಚನೆಯಲ್ಲೇ ಇದೆ.

ನೇಯ್ಗೆಗೆ ಎರಡು ಬಗೆಯ ನೂಲು ಬೇಕು. ಉದ್ದಕ್ಕೆ ಬಿಗಿದಿರುವುದು ಹಾಸು, ಅಡ್ಡಕ್ಕೆ ಲಾಳಿಯೊಡನೆ ಹೋಗುವುದು ಹೊಕ್ಕು. ಮಾತಿನಲ್ಲಿ ನಾವು 'ಹಾಸುಹೊಕ್ಕು' ಎನ್ನುವುದು ಇದನ್ನೇ. ಒಂದು ಸೀರೆಯ ಹಾಸಿಗೆ ಸಾವಿರಾರು ಎಳೆಗಳನ್ನು ಅಳೆದು, ಸುತ್ತಿ, ಮಗ್ಗಕ್ಕೆ ಏರಿಸಬೇಕು. ಇದರ ಹಿಂದೆ ನೂಲಿನ ವ್ಯಾಪಾರಿ, ಬಣ್ಣ ಹಾಕುವವರು, ಹಾಸು ಮಾಡುವವರು, ವಿದ್ಯುತ್ತು, ಕೊಳ್ಳುವ ಅಂಗಡಿ ಎಲ್ಲವೂ ಇವೆ. ಒಂದು ಕೊಂಡಿ ಕಳಚಿದರೂ ಮಗ್ಗ ನಿಲ್ಲುತ್ತದೆ. ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿಯೂ ನೇಯ್ದದ್ದೇ, ಹೆಣೆದದ್ದಲ್ಲ.

ಹೆಣಿಗೆಗೆ ಬೇಕಾದುದು ಒಂದೇ ಎಳೆ, ಎರಡು ಕಡ್ಡಿ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆಯುತ್ತಾ ಹೋದರೆ ಬಟ್ಟೆ ಬೆಳೆಯುತ್ತದೆ. ಇದನ್ನು ಕಣ್ಣಾರೆ ನೋಡಲು ಉಣ್ಣೆಯೇ ಬೇಕೆಂದಿಲ್ಲ. ನೀವು ತೊಟ್ಟಿರುವ ಬನಿಯನ್ನನ್ನು ಭೂತಗನ್ನಡಿಯಲ್ಲಿ ನೋಡಿ. ಹೊರಮೈಯಲ್ಲಿ ಬಾಣದ ತುದಿಯಂತಹ ಗುರುತುಗಳು ಸಾಲಾಗಿ ನಿಂತಿರುತ್ತವೆ, ಒಳಮೈಯಲ್ಲಿ ಅಡ್ಡ ಅಲೆಗಳು ಕಾಣುತ್ತವೆ. ತಿರುಪ್ಪೂರಿನ ಯಂತ್ರಗಳು ಹೆಣೆಯುವ ಬನಿಯನ್ನೂ ಅಜ್ಜಿ ಹೆಣೆದ ಸ್ವೆಟರೂ ಒಂದೇ ಜಾತಿ. ಅಡ್ಡಕ್ಕೆ ಎಳೆದರೆ ಕುಣಿಕೆಗಳು ಅಗಲವಾಗಿ, ಬಿಟ್ಟೊಡನೆ ಹೆಚ್ಚುಕಡಿಮೆ ಮೊದಲಿನಂತಾಗುತ್ತವೆ. ನೇಯ್ದ ಅಂಗಿಗೆ ಈ ಗುಣವಿಲ್ಲ. ಕುಣಿಕೆಗಳ ನಡುವೆ ಗಾಳಿ ನಿಲ್ಲುತ್ತದೆ, ಅದು ಶಾಖವನ್ನು ಸುಲಭವಾಗಿ ಹೊರಬಿಡದು. ದೇವನಹಳ್ಳಿಯ ಮಾಗಿಯ ಬೆಳಗಿಗೆ ಇಷ್ಟು ಸಾಕು.

ಹೆಣಿಗೆಯ ಮೂಲಪಾಠ ಎರಡೇ: ಸೀದಾ ಮತ್ತು ಉಲ್ಟಾ. ವಾಸ್ತವವಾಗಿ ಅವೂ ಒಂದೇ. ಸೀದಾ ಕುಣಿಕೆಯನ್ನು ಹಿಂದಿನಿಂದ ನೋಡಿದರೆ ಉಲ್ಟಾ. ಪ್ರತಿ ಸಾಲನ್ನೂ ಸೀದಾ ಹೆಣೆದರೆ ಎರಡೂ ಮೈ ಒಂದೇ ತೆರನಾಗಿ, ಅಂಚು ಸುರುಳಿಯಾಗದೆ ಚಪ್ಪಟೆಯಾಗಿ ಇರುತ್ತದೆ. ಹೊಸಬರು ಮಫ್ಲರ್ ಅನ್ನು ಹೀಗೆಯೇ ಆರಂಭಿಸುವುದು ಒಳ್ಳೆಯದು. ಅಂಗಡಿಯಲ್ಲಿ ರೇಷ್ಮೆಯಂತೆ ಹೊಳೆಯುವ ನುಣುಪು ನೂಲಿಗೆ ಮರುಳಾಗಬೇಡಿ, ಕಡ್ಡಿಯಿಂದ ಜಾರುತ್ತದೆ. ತಿಳಿ ಬಣ್ಣದ, ಸ್ವಲ್ಪ ದಪ್ಪದ ಉಲ್ಲನ್ ಇರಲಿ. ಅದಕ್ಕೂ ಖರ್ಚು ಬೇಡವೆಂದರೆ ಗಿಡ್ಡವಾದ ಹಳೆಯ ಸ್ವೆಟರನ್ನು ಬಿಚ್ಚಿ. ಸುಕ್ಕಾದ ನೂಲನ್ನು ಲಡಿಯಾಗಿ ಸುತ್ತಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ನೀರಿನಲ್ಲಿ ಅದ್ದಿ ನೆರಳಲ್ಲಿ ತೂಗುಹಾಕಿದರೆ ನೇರವಾಗುತ್ತದೆ.

ಗಣಿತ ಇಲ್ಲಿಯೂ ಬಿಡುವುದಿಲ್ಲ. ಮೊದಲು ಅಂಗೈಯಗಲದ ತುಂಡನ್ನು ಹೆಣೆದು ಅಳೆಯಿರಿ. 10 ಸೆಂಟಿಮೀಟರಿಗೆ 20 ಕುಣಿಕೆ ಬಂದರೆ, 20 ಸೆಂಟಿಮೀಟರ್ ಅಗಲಕ್ಕೆ 40 ಬೇಕು. ಇದನ್ನು ಬಿಟ್ಟು ಅಂದಾಜಿನಲ್ಲಿ ಹೆಣೆದವರ ಸ್ವೆಟರು ತಮ್ಮನಿಗಾಗುತ್ತದೆ ಇಲ್ಲವೇ ಚಿಕ್ಕಪ್ಪನಿಗಾಗುತ್ತದೆ.

'ಇದು ಹೆಣ್ಣುಮಕ್ಕಳ ಕೆಲಸ' ಎಂದು ಕೆಲವು ಹುಡುಗರು ಪುಟ ತಿರುವಬಹುದು. ಯೂರೋಪಿನ ಹಲವು ನಗರಗಳಲ್ಲಿ ಹಿಂದೆ ಹೆಣಿಗೆ ಗಂಡಸರ ಸಂಘಗಳ ಕಸುಬಾಗಿತ್ತು. 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದವನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಲೀ. ಇಂದಿನ ಬನಿಯನ್ ಕಾರ್ಖಾನೆಗಳ ವಂಶವೃಕ್ಷ ಅಲ್ಲಿಂದ ಶುರುವಾಗುತ್ತದೆ.

ಮೇಳಕ್ಕೆ ಹೋದರೆ ಬಗೆಬಗೆಯ ಉಣ್ಣೆಯನ್ನು ಮುಟ್ಟಿ ನೋಡಬಹುದು, ಬಲ್ಲವರ ಕೈಚಳಕ ನೋಡಿ ಕಲಿಯಬಹುದು. ಮನೆಯಲ್ಲಿ ಆ ಭಾಗ್ಯವಿಲ್ಲ, ನಿಜ. ಆದರೆ ತಪ್ಪು ಮಾಡಲು ಸಂಕೋಚವೂ ಇಲ್ಲ. ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕಬೇಕು. ಹೆಣಿಗೆ ಕೆಟ್ಟರೆ ಬಿಚ್ಚಿದರಾಯಿತು, ನೂಲು ನೂಲಾಗಿಯೇ ಕೈಗೆ ಬರುತ್ತದೆ. ನಡುವೆ ಒಂದು ಕುಣಿಕೆ ಜಾರಿ ಏಣಿಯಂತೆ ಕೆಳಗಿಳಿದರೆ ಗಾಬರಿಯಾಗಬೇಡಿ. ಕ್ರೋಶಾ ಕಡ್ಡಿಯಿಂದ ಅದನ್ನು ಹಿಡಿದು, ಒಂದೊಂದೇ ಮೆಟ್ಟಿಲಿನ ನೂಲನ್ನು ಅದರೊಳಗಿಂದ ಎಳೆಯುತ್ತಾ ಮೇಲಕ್ಕೆ ತಂದು, ಮತ್ತೆ ಕಡ್ಡಿಗೇರಿಸಿ.