ಹುನಗುಂದದವರು ವಾಸ್ಕೊದಲ್ಲಿ ಖೋಲಿ ಹಿಡಿದ ಕಥೆ

ಹಿಂಗಾರಿ ಬಿತ್ತಿಗೆ ಮುಗಿದರೆ ಹುನಗುಂದ, ಬಾದಾಮಿ, ಇಳಕಲ್ ಸುತ್ತಿನ ಹಳ್ಳಿಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳತೊಡಗುತ್ತದೆ. ಕೇಳಿದರೆ, ‘ಗೋವಾಕ್ಕ ಹೋಗ್ಯಾರ್ರೀ, ದುಡ್ಯಾಕ’ ಎಂಬ ಉತ್ತರ. ಗುಳೆಯ ಸುದ್ದಿ ಬಂದಾಗಲೆಲ್ಲ ನಾವು ಕೂಲಿಯ ಲೆಕ್ಕ ಹಾಕುತ್ತೇವೆ. ಹೋದವರು ಅಲ್ಲಿ ಎಲ್ಲಿ ಮಲಗುತ್ತಾರೆ, ಆ ಜಾಗಕ್ಕೆ ಯಾರಿಗೆ ಎಷ್ಟು ಕೊಡುತ್ತಾರೆ ಎಂದು ವಿಚಾರಿಸುವವರು ಕಡಿಮೆ.

ದಾರಿ ಹಳೆಯದು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗಲೇ, 1888ರಲ್ಲಿ, ಮರ್ಮಗೋವಾ ಬಂದರಿಗೂ ಕ್ಯಾಸಲ್‌ರಾಕಿಗೂ ನಡುವೆ ರೈಲು ಓಡಿತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡ ಮೇಲೆ ಬಂದರು, ಅದಿರು, ರಸ್ತೆ, ಕಟ್ಟಡ ಎಲ್ಲಕ್ಕೂ ಆಳು ಬೇಕಾದರು. ಇತ್ತ 1972ರ ಬರ ಬಿತ್ತು. ಅತ್ತ 1973ರಲ್ಲಿ ಜುವಾರಿ ಗೊಬ್ಬರ ಕಾರ್ಖಾನೆ ಶುರುವಾಯಿತು. ಮುಂದೆ ಆಲಮಟ್ಟಿಯ ಹಿನ್ನೀರು ಹೊಲ ನುಂಗಿದಾಗ ಇನ್ನಷ್ಟು ಜನ ಗಂಟು ಕಟ್ಟಿದರು. 2011ರ ಜನಗಣತಿ ಹೊತ್ತಿಗೆ ಗೋವಾದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 68 ಸಾವಿರ.

ದುಡಿಮೆಗೆ ಕರೆದ ಊರು ಇವರ ವಾಸಕ್ಕೆ ಮಾತ್ರ ಜಾಗ ಗೊತ್ತುಮಾಡಿರಲಿಲ್ಲ. ವಾಸ್ಕೊದ ಬೈನಾ ಕಡಲದಂಡೆಯಲ್ಲಿ, ಎಲ್ಲರೂ ‘ಬಿರ್ಲಾ’ ಎಂದೇ ಕರೆಯುವ ಜುವಾರಿನಗರದಲ್ಲಿ ತಗಡಿನ ಗುಡಿಸಲು ಎದ್ದವು. ಮೊದಲು ಬಂದವನು ನಾಲ್ಕು ಕಾಸು ಕೂಡಿಟ್ಟು ಹಿಂದೆ ಎರಡು ಖೋಲಿ ಇಳಿಸಿದ. ಊರಿಂದ ಬಂದ ಸೋದರಮಾವನ ಮಗನಿಗೆ ಬಾಡಿಗೆಗೆ ಕೊಟ್ಟ. ಹೀಗೆ ತನ್ನದೇ ಜಾಗಕ್ಕೆ ಹಕ್ಕುಪತ್ರವಿಲ್ಲದವನೇ ಇನ್ನೊಬ್ಬರಿಗೆ ಮಾಲೀಕನೂ ಆದ.

ಆ ಖೋಲಿಯನ್ನು ಒಮ್ಮೆ ಒಳಹೊಕ್ಕು ನೋಡಬೇಕು. ಬಾಗಿಲ ಹಿಂದೆ ಜೋಳದ ಹಿಟ್ಟಿನ ಚೀಲ, ಗೋಡೆಯ ಮೊಳೆಗೆ ತೂಗುಬಿದ್ದ ಖಡಕ್ ರೊಟ್ಟಿ ಗಂಟು, ಶೇಂಗಾ ಹಿಂಡಿಯ ಡಬ್ಬಿ. ಮೂಲೆಯಲ್ಲಿ ಬಚ್ಚಲು, ಅದರ ಪಕ್ಕಕ್ಕೇ ಒಲೆ. ನಾಲ್ಕು ಜನ ಮಲಗಿದರೆ ಐದನೆಯವರು ಕಾಲು ಚಾಚುವಂತಿಲ್ಲ. ಹೊರಗಿನ ನಲ್ಲಿಯ ಮುಂದೆ ಕೊಡಗಳ ಸಾಲು. ಇಷ್ಟು ಜಾಗವನ್ನು ಸಂಸಾರ ಮಾಡಿಕೊಳ್ಳುವ ಹೆಣ್ಣುಮಕ್ಕಳ ಜಾಣ್ಮೆ ದೊಡ್ಡದು.

ಹೊಸಬರಿಗೆ ಖೋಲಿ ಸಿಗುವುದು ಒಂದೇ ಪ್ರಶ್ನೆಯ ಮೇಲೆ: ‘ಯಾವೂರು, ಯಾರ ಪೈಕಿ?’ ಮೇಸ್ತ್ರಿಯೊಬ್ಬ ‘ನಮ್ಮವರೇ’ ಅಂದರೆ ಮುಂಗಡ ಕಡಿಮೆಯಾದೀತು, ಪಗಾರ ಬರುವವರೆಗೆ ಬಾಡಿಗೆಯೂ ತಡೆದೀತು. ಈ ನಂಟಿನ ಬಲವನ್ನು ಹಗುರವಾಗಿ ಕಾಣಬಾರದು. ಆದರೆ ಮಾತಿನ ಮೇಲೆ ಸಿಕ್ಕ ಖೋಲಿ ಮಾತಿನ ಮೇಲೆಯೇ ಹೋಗುತ್ತದೆ. ಗೋವಾದ ಬಾಡಿಗೆ ನಿಯಂತ್ರಣ ಕಾಯ್ದೆ 1968ರದು. ಬಾಡಿಗೆದಾರ ಬಿಡದೇ ಕೂತಾನೆಂಬ ಅಂಜಿಕೆಯಿಂದ ಕರಾರು ಬರೆದುಕೊಡಲು ಮಾಲೀಕರು ಹಿಂಜರಿಯುತ್ತಾರೆ. ಕರಾರಿಲ್ಲದಿದ್ದರೆ ವಿಳಾಸದ ಪುರಾವೆಯಿಲ್ಲ. ಅಲ್ಲಿ ಅನೇಕ ಸರ್ಕಾರಿ ಸವಲತ್ತುಗಳಿಗೆ 15 ವರ್ಷದ ವಾಸದ ಪತ್ರ ಬೇಕು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದವರೂ ಅದನ್ನು ರುಜುವಾತು ಮಾಡಲಾರದೆ ನಿಲ್ಲುತ್ತಾರೆ.

ಇದರ ಬಿಸಿ ತಟ್ಟಿದ್ದು 2004ರ ಜೂನ್ 14ರಂದು, ಮಳೆಗಾಲದ ಹೊಸ್ತಿಲಲ್ಲಿ ಬೈನಾದ ಗುಡಿಸಲುಗಳ ಮೇಲೆ ಬುಲ್ಡೋಜರ್ ಹರಿದಾಗ. 2017ರಲ್ಲಿ ಅಲ್ಲಿ ಮತ್ತೆ ಕನ್ನಡಿಗರ ಮನೆಗಳು ಉರುಳಿದವು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 29ರಂದು, ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಬಾಡಿಗೆದಾರನೆಂಬ ದಾಖಲೆಯೇ ಇಲ್ಲದವನು ಆ ಆದೇಶವನ್ನು ಯಾರ ಮುಂದೆ ಹಿಡಿಯಬೇಕು?

ಅದೇ ವರ್ಷದ ಜನವರಿಯಿಂದ ಕರ್ನಾಟಕದ ಪಡಿತರ ಚೀಟಿಗೆ ಗೋವಾದಲ್ಲೂ ಧಾನ್ಯ ಸಿಗುವ ವ್ಯವಸ್ಥೆ ಬಂತು. ಅಕ್ಕಿ ಗಡಿ ದಾಟಿತು, ಸೂರಿನ ಹಕ್ಕು ದಾಟಲಿಲ್ಲ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಲಿಖಿತ ಕರಾರು ಕಡ್ಡಾಯವೆಂದಿತು, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದೆಂದಿತು. ಆದರೆ ರಾಜ್ಯಗಳು ತಾವಾಗಿ ಒಪ್ಪಿ ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ. ಬಾಡಿಗೆದಾರರ ವಿವರವನ್ನು ಮಾಲೀಕರು ಪೊಲೀಸರಿಗೆ ಕೊಡಬೇಕೆಂಬ ನಿಯಮ ಮಾತ್ರ ಗೋವಾದಲ್ಲಿ ಬಿಗಿಯಾಗಿದೆ. ಠಾಣೆಗೆ ಹೆಸರು, ಫೋಟೊ, ಆಧಾರ್ ಹೋಗುವುದಾದರೆ, ಅದೇ ದಿನ ಬಾಡಿಗೆದಾರನ ಕೈಗೂ ಸಹಿ ಹಾಕಿದ ಒಂದು ಪ್ರತಿ ಬರಲಿ. ಬಾಗಲಕೋಟೆಯ ಜನಪ್ರತಿನಿಧಿಗಳು ಪಣಜಿಗೆ ಹೋಗಿ ಮೊದಲು ಕೇಳಬೇಕಾದ್ದು ಇದನ್ನು.