ಸೈನಸ್ ಶಸ್ತ್ರಚಿಕಿತ್ಸೆ: ಲೋಳೆಪೊರೆಯನ್ನು ಉಳಿಸುವ ವಿದ್ಯೆ

ಕೆನ್ನೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ ಮತ್ತು ಇವೆಲ್ಲಕ್ಕೂ ಹಿಂದೆ ತಲೆಬುರುಡೆಯ ತಳದಲ್ಲಿ ಇರುವ, ಗಾಳಿ ತುಂಬಿದ ಮೂಳೆಗೂಡುಗಳನ್ನು ಸೈನಸ್ ಎನ್ನುತ್ತಾರೆ. ಇವುಗಳ ಒಳಮೈಯ ಪೊರೆ ದಿನವಿಡೀ ಲೋಳೆಯನ್ನು ಒಸರುತ್ತಿರುತ್ತದೆ. ಪೊರೆಯ ಮೇಲಿರುವ ಸಿಲಿಯ ಎಂಬ ಅತಿಸೂಕ್ಷ್ಮ ರೋಮಗಳು ಆ ಲೋಳೆಯನ್ನು ಧೂಳು ಮತ್ತು ರೋಗಾಣುಗಳ ಸಮೇತ ಒಂದು ಕಿರಿದಾದ ಸಹಜ ರಂಧ್ರದತ್ತ ಸಾಗಿಸಿ ಮೂಗಿಗೆ ಬಿಡುತ್ತವೆ. ಪೊರೆ ಊದಿಕೊಂಡು ಈ ದಾರಿ ಕಟ್ಟಿ, ಮೂಗುಕಟ್ಟು, ಮುಖದ ಭಾರ, ವಾಸನೆ ತಿಳಿಯದಿರುವುದು, ಗಂಟಲಿಗೆ ಕಫ ಇಳಿಯುವುದು ಮುಂತಾದ ತೊಂದರೆಗಳು 12 ವಾರಗಳನ್ನು ಮೀರಿ ಉಳಿದು, ಎಂಡೋಸ್ಕೋಪ್ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲೂ ಉರಿಯೂತ ಕಂಡುಬಂದರೆ ಅದು ದೀರ್ಘಕಾಲದ ಸೈನಸೈಟಿಸ್ ಎನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1893ರಲ್ಲಿ ಅಮೆರಿಕದ ಜಾರ್ಜ್ ಕಾಲ್ಡ್‌ವೆಲ್ ಮತ್ತು 1897ರಲ್ಲಿ ಫ್ರಾನ್ಸಿನ ಆಂರಿ ಲ್ಯೂಕ್ ಪ್ರತ್ಯೇಕವಾಗಿ ವಿವರಿಸಿದ ವಿಧಾನದಲ್ಲಿ ಮೇಲ್ದುಟಿಯ ಒಳಭಾಗವನ್ನು ಸೀಳಿ, ಕೆನ್ನೆಯ ಮೂಳೆಯನ್ನು ಕೊರೆದು, ರೋಗಗ್ರಸ್ತ ಪೊರೆಯನ್ನು ಕೆರೆದು ತೆಗೆದು, ಕೀವು ಇಳಿದುಹೋಗಲೆಂದು ಮೂಗಿನ ಕೆಳಭಾಗಕ್ಕೆ ಹೊಸ ಕಿಂಡಿಯೊಂದನ್ನು ಮಾಡಲಾಗುತ್ತಿತ್ತು. ದಶಕಗಳ ಕಾಲ ಪ್ರಚಲಿತವಾಗಿದ್ದ ಈ ಕ್ರಮದಿಂದ ಅನೇಕರಿಗೆ ಉಪಶಮನ ದೊರೆತದ್ದು ನಿಜವಾದರೂ, ಕೆನ್ನೆ ಮತ್ತು ಹಲ್ಲುಗಳ ಮರಗಟ್ಟುವಿಕೆಯನ್ನು ಸಹಿಸಬೇಕಾದವರೂ ಇದ್ದರು. ಕಾಯಿಲೆ ಮರುಕಳಿಸಿದವರೂ ಇದ್ದರು.

ಮರುಕಳಿಸಿದ್ದೇಕೆ ಎಂಬುದಕ್ಕೆ ಉತ್ತರ ದೊರೆತದ್ದು ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಅವರ ತಾಳ್ಮೆಯ ಅಧ್ಯಯನದಿಂದ. ಲೋಳೆಯು ಗುರುತ್ವಾಕರ್ಷಣೆಗೆ ಒಳಪಟ್ಟು ಕೆಳಗಿಳಿಯದೆ, ಸಿಲಿಯಗಳು ಹುಟ್ಟಿನಿಂದಲೇ ಅನುಸರಿಸುವ ದಾರಿಯಲ್ಲಿ ಮೇಲೇರಿ ಸಹಜ ರಂಧ್ರವನ್ನೇ ಸೇರುತ್ತದೆ, ಕೆಳಗೆ ಹೊಸ ಕಿಂಡಿಯಿದ್ದರೂ ಅದರೊಳಗೆ ಇಳಿಯದೆ ಸುತ್ತುಹಾಕಿ ಹೋಗುತ್ತದೆ ಎಂಬುದನ್ನು ಅವರು ತೋರಿಸಿದರು. ಕೆನ್ನೆ ಮತ್ತು ಹಣೆಯ ಸೈನಸ್‌ಗಳ ಕಾಯಿಲೆ ಬಹುಪಾಲು ಮೂಗಿನ ಮಧ್ಯಭಾಗದ ಇಕ್ಕಟ್ಟಾದ ಸಂದುಗಳಲ್ಲಿ ಆರಂಭವಾಗುತ್ತದೆ ಎಂಬುದೂ ಅವರ ನಿರ್ಣಯವಾಗಿತ್ತು. ಸೈನಸ್ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಯಾವುದೇ ಉಪಕರಣಕ್ಕಿಂತ ಈ ತಿಳಿವಳಿಕೆಯೇ ದೊಡ್ಡದು. ಬ್ರಿಟನ್ನಿನ ಹೆರಾಲ್ಡ್ ಹಾಪ್‌ಕಿನ್ಸ್ ರೂಪಿಸಿದ ಗಾಜಿನ ದಂಡಗಳ ಮಸೂರ ವ್ಯವಸ್ಥೆಯಿಂದ ಮೂಗಿನೊಳಗಿನ ನೋಟ ಸ್ಪಷ್ಟವಾದ ಮೇಲೆ, ಮೆಸ್ಸರ್‌ಕ್ಲಿಂಗರ್ ಅವರ ಶಿಷ್ಯ ಹೈಂಜ್ ಸ್ಟಾಮ್‌ಬರ್ಗರ್ ಮತ್ತು ಅಮೆರಿಕದ ಡೇವಿಡ್ ಕೆನೆಡಿ 1980ರ ದಶಕದಲ್ಲಿ ಈ ತತ್ತ್ವವನ್ನು ಜಗತ್ತಿನಾದ್ಯಂತ ಪ್ರಚುರಪಡಿಸಿದರು.

ಈ ತತ್ತ್ವವನ್ನು ಆಧರಿಸಿದ, ಇಂದು ಫೆಸ್ (ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ) ಎಂದು ಕರೆಯಲಾಗುವ ಶಸ್ತ್ರಚಿಕಿತ್ಸೆಯಲ್ಲಿ ಮುಖದ ಮೇಲೆ ಗಾಯವಾಗುವುದಿಲ್ಲ. ಸಾಮಾನ್ಯವಾಗಿ 4 ಮಿ.ಮೀ. ದಪ್ಪದ ಎಂಡೋಸ್ಕೋಪನ್ನು ಮೂಗಿನ ಹೊಳ್ಳೆಯಿಂದ ತೂರಿಸಿ, ಸಹಜ ರಂಧ್ರವನ್ನು ಮರೆಮಾಡಿದ ತೆಳು ಮೂಳೆಯ ಮಡಿಕೆಯನ್ನು ತೆಗೆದು, ರಂಧ್ರವನ್ನು ಹಿಗ್ಗಿಸಿ, ಕಣ್ಣುಗಳ ನಡುವಿನ ಗೂಡುಗಳ ಗೋಡೆಗಳನ್ನು ಅಗತ್ಯವಿದ್ದಷ್ಟು ಮಾತ್ರ ಬಿಡಿಸಲಾಗುತ್ತದೆ. ಆರೋಗ್ಯವಂತ ಪೊರೆಯನ್ನು ಹರಿಯದಿರುವುದೇ ಇಲ್ಲಿನ ಕೌಶಲ, ಏಕೆಂದರೆ ಬರಿದಾದ ಮೂಳೆಯ ಮೇಲೆ ಸಿಲಿಯಗಳು ಮೊದಲಿನಂತೆ ಬೆಳೆಯುವುದು ಕಷ್ಟ. ಕಣ್ಣುಗುಡ್ಡೆಯ ಕುಳಿಯನ್ನು ಇಲ್ಲಿಂದ ಬೇರ್ಪಡಿಸುವ ಮೂಳೆ ಕಾಗದದಷ್ಟು ತೆಳು. ಮೇಲ್ಛಾವಣಿಯ ಆಚೆಗೆ ಮಿದುಳು, ಹಿಂದಿನ ಸೈನಸ್‌ನ ಪಕ್ಕದಲ್ಲಿ ದೃಷ್ಟಿನರ ಮತ್ತು ಮಿದುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿ. ಆ ಛಾವಣಿಯ ಅತಿ ತೆಳುವಾದ ಭಾಗ ಎಷ್ಟು ತಗ್ಗಿಗೆ ಇಳಿದಿದೆ ಎಂಬುದು ಒಬ್ಬರಿಂದೊಬ್ಬರಿಗೆ 1ರಿಂದ 16 ಮಿ.ಮೀ.ವರೆಗೂ ಬದಲಾಗುವುದರಿಂದ, ಶಸ್ತ್ರಚಿಕಿತ್ಸೆಗೆ ಮೊದಲು ಸಿ.ಟಿ. ಚಿತ್ರಗಳನ್ನು ಒಂದೊಂದಾಗಿ ಓದುವುದನ್ನು ಕೇವಲ ಕ್ರಮವಿಧಿಯೆಂದು ಭಾವಿಸುವಂತಿಲ್ಲ.

ಆಯ್ದ ರೋಗಿಗಳಲ್ಲಿ ಮೂಳೆಯನ್ನು ತೆಗೆಯದೆ, ಪುಟ್ಟ ಬಲೂನನ್ನು ಉಬ್ಬಿಸಿಯೇ ರಂಧ್ರವನ್ನು ಹಿಗ್ಗಿಸುವುದುಂಟು. ಆದರೆ ದುರ್ಮಾಂಸವೆಂದು ಜನ ಕರೆಯುವ ಪಾಲಿಪ್‌ಗಳು ದಟ್ಟವಾಗಿ ಬೆಳೆದಿದ್ದರೆ ಬಲೂನು ಸಾಲದು. ಅಂಥವರಲ್ಲಿ, ವಿಶೇಷವಾಗಿ ಅಸ್ತಮಾ ಇರುವವರಲ್ಲಿ, ಕಾಯಿಲೆಯ ಮೂಲ ಪೊರೆಯ ಉರಿಯೂತದಲ್ಲೇ ಇರುವುದರಿಂದ ಶಸ್ತ್ರಚಿಕಿತ್ಸೆಯ ನಂತರವೂ ಪಾಲಿಪ್ ಮತ್ತೆ ಬೆಳೆಯಬಹುದು. 2019ರಿಂದ ಕೆಲವು ದೇಶಗಳಲ್ಲಿ ಇದಕ್ಕೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೂ ಅನುಮತಿ ಸಿಕ್ಕಿದೆ. ಶಸ್ತ್ರಚಿಕಿತ್ಸೆಯಿಂದ ತೆರೆದ ದಾರಿಯ ಮತ್ತೊಂದು ಪ್ರಯೋಜನವೆಂದರೆ, ಕುದಿಸಿ ಆರಿಸಿದ ನೀರಿನಲ್ಲಿ ಮಾಡಿದ ಉಪ್ಪುನೀರಿನ ತೊಳೆತ ಮತ್ತು ಸ್ಟೆರಾಯ್ಡ್ ಔಷಧಗಳು ಮೊದಲು ತಲುಪದಿದ್ದ ಪೊರೆಯನ್ನು ಈಗ ತಲುಪುತ್ತವೆ. ಮನೆಯಲ್ಲಿ ತಿಂಗಳುಗಟ್ಟಲೆ ಮುಂದುವರಿಯಬೇಕಾದ ಈ ಆರೈಕೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಗೆ ಬಿಡಿಸಿ ಹೇಳಬೇಕಾದುದು ವೈದ್ಯರ ಹೊಣೆ.